ಥಂಡಿ ಗಿರಣಿಗೆ ಒಣ ವಿಭೂತಿ

“ಬಂದ್ ಮಾಡ್ರಿ! ವೈಜನಾಥ್ರೇ, ಬಂದ್ ಮಾಡ್ರಿ!”

ಮಾನಸಾ ಮೇಡಮ್ ಕೂಗಿದ್ದೇ ತಡ, ಅಪ್ಪ ಓಡಿಹೋಗಿ ಕೆಂಪು ಬಟನ್ ಒತ್ತಿದ. ಹೊಸ ಗಿರಣಿ ಗಕ್ಕನೆ ನಿಂತಿತು. ಗಾಜಿನ ಬಾಗಿಲಾಚೆ ನಿಂತಿದ್ದ ಮಗಳು ದಾನೇಶ್ವರಿ ಗಾಜಿಗೆ ಮುಖ ಒತ್ತಿ ನೋಡಿದಳು.

ಪಟಾನ್‌ಚೆರುವಿನ ಮಸಾಲೆ ಕಾರ್ಖಾನೆಗೆ ಬಂದ ಥಂಡಿ ಗಿರಣಿ ಅದು. ಬೀಸುವಾಗ ಬಿಸಿಯಾದರೆ ಜೀರಿಗೆಯ ಘಮ ಗಾಳಿಗೆ ಹಾರಿಹೋಗುತ್ತದಂತೆ. ಅದಕ್ಕೇ ಐಸಿಗಿಂತ ಎಷ್ಟೋ ತಣ್ಣಗಿನ ನೈಟ್ರೋಜನ್ ಬಿಟ್ಟು ಬೀಸುವುದು. ಅದನ್ನು ಕೂರಿಸಲು ಅಪ್ಪ ಹದಿನೈದು ದಿನ ದುಡಿದಿದ್ದ. ಇಂದು ಭಾನುವಾರ, ಮೊದಲ ಟ್ರಯಲ್. ನೋಡಲೆಂದು ಮಗಳನ್ನೂ ಕರೆತಂದಿದ್ದ.

ಗಿರಣಿ ಕಂಪನಿಯ ಮಾನಸಾ ಮೇಡಮ್ ದಪ್ಪ ಗ್ಲೌಸ್ ಹಾಕಿ ಮುಚ್ಚಳ ತೆಗೆದರು. ಜೀರಿಗೆಯನ್ನು ಒಳಗೆ ದಬ್ಬುವ ಸ್ಕ್ರೂಗೆ ಬೆಳ್ಳಗೆ ಐಸು ಮೆತ್ತಿಕೊಂಡಿತ್ತು.

“ನೀರು ಹೆಂಗ ಬಂತ್ರಿ? ಒಣಗಿಸೀನಿ ಅಂದಿದ್ರಲ್ಲ?”

ಅಪ್ಪ ಒಮ್ಮೆ ದಾನೇಶ್ವರಿಯತ್ತ ತಿರುಗಿ ನೋಡಿದ. “ನಂದೇ ತಪ್ಪಾತ್ರಿ, ಮೇಡಮ್.”

“ಹಿಂಗಾದ್ರ ಈ ಮಷಿನ್ ನಿಮ್ಮ ಕೈಗೆ ಹೆಂಗ ಬಿಡೂದು?”

ದಾನೇಶ್ವರಿಗೆ ಬೆಳಗಿನ ತನ್ನ ಕೆಲಸ ನೆನಪಾಯಿತು. ಊರಲ್ಲಿ ಅಜ್ಜಿ ಗದಿಗೆಮ್ಮ ಒಳಕಲ್ಲು ತೊಳೆಯದೆ ಅದಕ್ಕೆ ವಿಭೂತಿ ಹಚ್ಚಿದವಳಲ್ಲ. ಬೆಳಿಗ್ಗೆ ಅಪ್ಪ ಗಿರಣಿಯ ಪೂಜೆಗೆ ಹೂ ತರಲು ಹೋದಾಗ ಇವಳೂ ಹಾಗೇ, ಭಕ್ತಿಯಿಂದ, ಒಂದು ಚೊಂಬು ನೀರು ಸುರಿದು ಗಿರಣಿಯ ಬಾಯಿ ತೊಳೆದಿದ್ದಳು!

ಬಾಗಿಲು ತಳ್ಳಿಕೊಂಡು ಓಡಿಬಂದಳು. “ನಾನ್ರಿ ಮೇಡಮ್! ನಾ ತೊಳದೆ. ಅಪ್ಪಗ ಬೈಬ್ಯಾಡ್ರಿ.”

ಮೇಡಮ್ ಅವಳನ್ನೇ ದಿಟ್ಟಿಸಿದರು. “ಸಾಬೂನೂ ಹಚ್ಚೀಯೇನು?”

“ಇಲ್ರಿ… ಸಿಗಲಿಲ್ಲ.”

ಮೇಡಮ್‌ಗೆ ನಗು ತಡೆಯಲಾಗಲಿಲ್ಲ. “ಪುಣ್ಯ! ಇದಕ್ಕ ಜಳಕ ಆಗಂಗಿಲ್ಲವ್ವ. ಹನಿ ನೀರಿದ್ರೂ ಗಡ್ಡೆ ಕಟ್ಟತೈತಿ. ವೈಜನಾಥ್ರೇ, ಬಿಸಿಗಾಳಿ ಬಿಡ್ರಿ. ಸಂಜಿಗೆ ಮತ್ತ ನೋಡೂಣು.”

ಸಂಜೆಯ ಹೊತ್ತಿಗೆ ಗಿರಣಿ ಒಣಗಿತು. ಅಪ್ಪ ವಿಭೂತಿ ಗಟ್ಟಿ ನೀಡಿದ. ದಾನೇಶ್ವರಿಯ ಬೆರಳು ತಾನಾಗೇ ಚೊಂಬಿನತ್ತ ಹೋಯಿತು. ತಟ್ಟನೆ ಹಿಂದೆಗೆದುಕೊಂಡಳು. ಕೈಯನ್ನು ಲಂಗಕ್ಕೆ ಚೆನ್ನಾಗಿ ಒರೆಸಿ, ಒಣ ವಿಭೂತಿಯನ್ನೇ ಹೊರಮೈಗೆ ಮೂರು ಬೆರಳಲ್ಲಿ ಎಳೆದಳು.

ಈ ಸಲ ಗಿರಣಿ ನಿಲ್ಲಲಿಲ್ಲ. ತಣ್ಣನೆಯ ಜೀರಿಗೆ ಪುಡಿ ಸಣ್ಣಗೆ ಸುರಿಯಿತು. “ನಾಳಿಂದ ಮಷಿನ್ ನಿಮ್ದೇರಿ,” ಎಂದರು ಮೇಡಮ್.

ಮನೆಗೆ ಹೋಗುವ ಬಸ್ಸಿನಲ್ಲಿ ದಾನೇಶ್ವರಿ ಕೇಳಿದಳು, “ಅಪ್ಪಾ, ನಾನೇ ಅಂತ ನಿನಗ ಗೊತ್ತಿತ್ತೇನು?”

“ನಿನ್ನ ಲಂಗದ ಅಂಚು ಹಸಿ ಇತ್ತು,” ಎಂದ ಅಪ್ಪ, ಕಿಟಕಿಯಾಚೆ ನೋಡುತ್ತಾ.

ದಾನೇಶ್ವರಿ ಅಪ್ಪನತ್ತ ಸರಿದು ಕುಳಿತಳು. ಬೆರಳಿಗೆ ಇನ್ನೂ ಅಂಟಿದ್ದ ವಿಭೂತಿಯನ್ನು ಅಪ್ಪನ ಹಣೆಗೆ ಮೆಲ್ಲಗೆ ಹಚ್ಚಿದಳು.