ಪ್ರಾರ್ಥನೆಗೆ ಬೆಳೆದ ಸಸಿಗಳು

ಬೆಳಿಗ್ಗೆ ಎಂಟಕ್ಕೆ ಸಸ್ಯ ಪ್ರಯೋಗಾಲಯದ ಬಾಗಿಲು ತೆರೆದಾಗ ನಲವತ್ತು ಟ್ರೇಗಳಲ್ಲಿ ಇಪ್ಪತ್ತು ಸತ್ತಿದ್ದವು. ಸಸಿಗಳು ಬೆಂದ ಸೊಪ್ಪಿನಂತೆ ಮಣ್ಣಿಗೆ ಅಂಟಿಕೊಂಡಿದ್ದವು. ಯಾರೋ ಕುದಿಯುವ ನೀರು ಹೊಯ್ದಿದ್ದರು.

ಇನ್ಸ್‌ಪೆಕ್ಟರ್ ಬಂದಾಗ ಒಂಬತ್ತೂವರೆ. ಹಿಂದಿನ ವಾರವಷ್ಟೇ ಅವಳು ಎರಡು ಕೊಲೆಗಳ ಕಡತ ಮುಗಿಸಿದ್ದಳು. ನಿದ್ದೆಯ ಬಾಕಿ ಇನ್ನೂ ತೀರಿರಲಿಲ್ಲ. ಈಗ ಸೊಪ್ಪಿನ ಕೊಲೆ. ಕುರ್ಚಿ ಎಳೆದುಕೊಂಡು ಕೂತಳು.

ನಿರ್ದೇಶಕರು ವಿವರಿಸಿದರು. ಪ್ರಾರ್ಥನೆಗೆ ಫಲವಿದೆಯೇ ಎಂದು ನೋಡುವ ಪರೀಕ್ಷೆ ಅದು. ಭಕ್ತರ ಗುಂಪೊಂದು ಊರಾಚೆಯ ತನ್ನ ಸಭಾಂಗಣದಲ್ಲೇ ಕೂತು, ಇಪ್ಪತ್ತು ಟ್ರೇಗಳ ನಂಬರು ಹೇಳಿ ಪ್ರಾರ್ಥಿಸುತ್ತಿತ್ತು. ಅವರಲ್ಲಿ ಒಬ್ಬರೂ ಈ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ. ಯಾವ ಇಪ್ಪತ್ತು ಎಂಬುದು ಸಸಿ ಅಳೆಯುವವರಿಗೆ ತಿಳಿಯದು. ಚೀಟಿ ಎತ್ತಿ ನಂಬರು ಆರಿಸಿ, ಒಂದು ಪಟ್ಟಿಯನ್ನು ಗುಂಪಿಗೆ ಕಳಿಸಿ, ಇನ್ನೊಂದನ್ನು ಲಕೋಟೆಯಲ್ಲಿ ಮೊಹರು ಮಾಡಿಟ್ಟವನು ಸ್ಟೋರ್‌ಕೀಪರ್. ಮೂರು ವಾರದಲ್ಲಿ ಇಪ್ಪತ್ತು ಟ್ರೇಗಳ ಸಸಿ ಗೇಣುದ್ದ ಬೆಳೆದವು. ಉಳಿದವು ಬೆರಳುದ್ದ. ಸತ್ತದ್ದು ಗೇಣುದ್ದದವು.

ಅವಳೆದುರೇ ಲಕೋಟೆ ಒಡೆದರು. ಸತ್ತ ಇಪ್ಪತ್ತೂ ಪ್ರಾರ್ಥನೆಯ ಪಟ್ಟಿಯಲ್ಲಿದ್ದವು.

ಎಲ್ಲರ ಕಣ್ಣೂ ಪ್ರೊಫೆಸರರ ಕೋಣೆಯತ್ತ ಹೊರಳಿತು. ಪರೀಕ್ಷೆ ಅವರದೇ. ನಲವತ್ತು ವರ್ಷ ದೇವರ ಬಗ್ಗೆ ಪುರಾವೆ ಕೇಳುತ್ತ ಬಂದ ಮುದುಕ. ಪುರಾವೆ ಬಂದಾಗ ತಡೆಯಲಾರದೆ ಹೋದರೇ? ಹಿಂದಿನ ಸಂಜೆ ಅವರೊಬ್ಬರೇ ಒಂದು ಗಂಟೆ ಒಳಗಿದ್ದರೆಂದು ಕಾವಲುಗಾರ, ಕೇಳುವ ಮೊದಲೇ, ಎರಡು ಸಲ ಹೇಳಿದ.

*

"ಸಂಜೆ ಒಳಗೇನ್ ಮಾಡ್ತಿದ್ರಿ ಸಾರ್?"

"ಅಳೀತಿದ್ದೆ. ನಾಲ್ಕನೇ ಸಲ. ಮೊದಲ ಸಲ ಸ್ಕೇಲು ಸರಿಯಿಲ್ಲ ಅನ್ಕೊಂಡೆ. ಎರಡನೇ ಸಲ ನನ್ನ ಕಣ್ಣು ಸರಿಯಿಲ್ಲ ಅಂತ."

"ನಾಲ್ಕನೇ ಸಲ?"

ಪ್ರೊಫೆಸರ್ ಕನ್ನಡಕ ತೆಗೆದರು. "ಇದು ನಿಜ ಆದ್ರೆ ಎಷ್ಟು ಚೆನ್ನ ಅನ್ನಿಸ್ತಮ್ಮ. ಅದಕ್ಕೇ ಹೆದರಿದೆ. ಬೇಕಾದ ಉತ್ತರ ಸಿಕ್ಕಾಗ್ಲೇ ಜಾಸ್ತಿ ಅನುಮಾನ ಪಡ್ಬೇಕು."

ಹಾಗೆ ಅನುಮಾನಪಟ್ಟೇ ಅವರು ಟ್ರೇಗಳ ಮಣ್ಣನ್ನು ಹೊರಗಿನ ಪರೀಕ್ಷೆಗೆ ಕಳಿಸಲು ಸಂಜೆ ಸ್ಟೋರಿಗೆ ಚೀಟಿ ಬರೆದಿದ್ದರು. ಇವತ್ತು ಹತ್ತು ಗಂಟೆಯೊಳಗೆ ಹೋಗಬೇಕಿತ್ತು. ಅಳತೆಗಳೆಲ್ಲ ಮೂರು ಪುಸ್ತಕಗಳಲ್ಲಿ ಭದ್ರವಾಗಿದ್ದವು.

ಅಂದರೆ ಸಸಿ ಸತ್ತರೂ ಫಲಿತಾಂಶ ಸಾಯುವುದಿಲ್ಲ. ಮತ್ತೆ ಕೊಂದದ್ದೇಕೆ? ಇನ್ಸ್‌ಪೆಕ್ಟರ್ ಮಂಡಿ ಹಿಡಿದು ಎದ್ದು, ಪ್ರೊಫೆಸರರನ್ನೂ ಕರೆದುಕೊಂಡು ಪ್ರಯೋಗಾಲಯಕ್ಕೆ ಮರಳಿದಳು.

ಪ್ರತಿ ಟ್ರೇಯ ಕೆಳಗೂ, ಬಸಿದ ನೀರು ಹಿಡಿಯಲು, ಒಂದು ತಟ್ಟೆ. ಸತ್ತ ಟ್ರೇಗಳ ಕೆಳಗೆ ಮಾತ್ರ ಇರಲಿಲ್ಲ. ಆ ಇಪ್ಪತ್ತು ತಟ್ಟೆಗಳನ್ನು ತೊಳೆದು, ಸಿಂಕಿನ ಪಕ್ಕದಲ್ಲಿ ಬೋರಲು ಹಾಕಿ, ಸಾಲಾಗಿ ಜೋಡಿಸಲಾಗಿತ್ತು.

ಅವಳು ಸ್ಟೋರ್‌ಕೀಪರನನ್ನು ಕರೆಸಿದಳು.

*

"ಸಿಟ್ಟಲ್ಲಿ ಬಂದೋರು ನೀರು ಸುರಿದು ಹೋಗ್ತಾರೆ," ಎಂದಳು. "ತಟ್ಟೆ ತೊಳೆದಿಟ್ಟು ಹೋಗಲ್ಲ. ನಿಮಗೆ ಬೇಕಿದ್ದದ್ದು ಸಸಿ ಸಾಯೋದಲ್ಲ, ಮಣ್ಣು ತೊಳೆಯೋದು. ಕುದಿಯೋ ನೀರು ಹಾಕಿದ್ದು ಪ್ರೊಫೆಸರ್ ಸಿಟ್ಟು ಅಂತ ಕಾಣಲಿ ಅಂತ. ಮಣ್ಣಲ್ಲಿ ಗೊಬ್ಬರ ಇತ್ತು, ನೀರಿನ ಜೊತೆ ಬಸಿದು ತಟ್ಟೆಗೂ ಇಳಿದಿತ್ತು. ಮೊಳಕೆ ಒಡೆಯೋ ಮುಂಚೆ ಸರಿಯಾದ ಇಪ್ಪತ್ತಕ್ಕೇ ಹಾಕ್ಬೇಕಂದ್ರೆ ಪಟ್ಟಿ ಗೊತ್ತಿರ್ಬೇಕು. ಈ ಕಟ್ಟಡದಲ್ಲಿ ಪಟ್ಟಿ ನೋಡಿದೋರು ನೀವೊಬ್ರೇ. ಮಣ್ಣು ಕಳಿಸೋ ಚೀಟಿ ಬಂದಿದ್ದೂ ನಿಮ್ಮ ಕೈಗೇ."

ಸ್ಟೋರ್‌ಕೀಪರ್ ಒಪ್ಪಿಕೊಂಡ. ಅವನ ಹೆಂಡತಿ ನಾಲ್ಕು ತಿಂಗಳಿಂದ ಆಸ್ಪತ್ರೆಯಲ್ಲಿದ್ದಳು. ಮಾತ್ರೆ ಉಗುಳುತ್ತಿದ್ದಳು, ತುತ್ತು ಮುಟ್ಟುತ್ತಿರಲಿಲ್ಲ. ಅದೇ ಭಕ್ತರು ಅವಳಿಗಾಗಿಯೂ ಪ್ರಾರ್ಥಿಸುತ್ತಿದ್ದರು, ಅವಳು ನಂಬಿರಲಿಲ್ಲ. ಪ್ರಾರ್ಥನೆಗೆ ಸಸಿ ಬೆಳೆದ ಸುದ್ದಿಯನ್ನು ಅವನು ಹೇಳಿದ ದಿನ ಅರ್ಧ ತಟ್ಟೆ ಊಟ ಮಾಡಿದ್ದಳು.

"ಇದನ್ನ ಪತ್ರಿಕೆಗೆ ಕೊಡ್ತೀರಾ ಸಾರ್?" ಎಂದು ಪ್ರೊಫೆಸರರನ್ನು ಕೇಳಿದ.

"ಕೊಡ್ಲೇಬೇಕು. ನೀನು ಗೊಬ್ಬರ ಹಾಕಿದ್ದಕ್ಕೆ ಪ್ರಾರ್ಥನೆ ಸುಳ್ಳು ಅಂತಾಗಲ್ಲ ಕಣಪ್ಪಾ. ಗೊತ್ತಿಲ್ಲ ಅಂತಾಗುತ್ತೆ, ಅಷ್ಟೇ."

"ಗೊತ್ತಿಲ್ಲ ಅನ್ನೋದನ್ನ ನಂಬ್ಕೊಂಡು ಯಾರಾದ್ರೂ ಊಟ ಮಾಡ್ತಾರಾ?"

"ನಾನು ನಲವತ್ತು ವರ್ಷದಿಂದ ಮಾಡ್ತಿದೀನಿ."

ಜೀಪು ಹೊರಟಾಗ ಇನ್ಸ್‌ಪೆಕ್ಟರ್ ಡ್ರೈವರನಿಗೆ, ಠಾಣೆ ಆಮೇಲೆ, ಮೊದಲು ಆಸ್ಪತ್ರೆ ಎಂದಳು. ಹಿಂದಿನ ಸೀಟಿನಲ್ಲಿ ಸ್ಟೋರ್‌ಕೀಪರನ ಪಕ್ಕ ಪ್ರೊಫೆಸರ್ ಒತ್ತರಿಸಿಕೊಂಡು ಕೂತಿದ್ದರು. ಆ ಹೆಣ್ಣುಮಗಳಿಗೆ ಇದು ಪತ್ರಿಕೆಯಿಂದ ತಿಳಿಯಬಾರದು, ತಾವೇ ಹೇಳಬೇಕು ಎಂದಿದ್ದರು. ಹೇಗೆ ಹೇಳುತ್ತೀರಿ ಎಂದು ದಾರಿಯುದ್ದಕ್ಕೂ ಯಾರೂ ಕೇಳಲಿಲ್ಲ.