ನನ್ನ ಕಿವಿ ನೋಡಿ

"ನನ್ನ ಕಿವಿ ನೋಡಿ ಸರ್," ಎಂದಳು ಪ್ರಕೃತಿ.

ಕಣ್ಣಿನ ಡಾಕ್ಟರಾಗಲು ಕಲಿಯುವವರು ದಿನಕ್ಕೆ ನೂರು ಸಲ ಹೇಳುವ ಮಾತಿದು. ರೋಗಿಯ ದೃಷ್ಟಿ ಡಾಕ್ಟರ ಕಿವಿಯ ಮೇಲೆ ನಿಂತರೆ ಕಣ್ಣಿನ ಹಿಂಭಾಗ ಲೆನ್ಸಿನಲ್ಲಿ ಸರಿಯಾಗಿ ಕಾಣುತ್ತದೆ. ಜಯನಗರದ ಆ ಆಸ್ಪತ್ರೆಯಲ್ಲಿ ಅವಳು ಎರಡನೇ ವರ್ಷದ ರೆಸಿಡೆಂಟ್. ಅವಳ ಸೀನಿಯರ್ ಸುಭಾಷ್‌ನದು ಈ ತಿಂಗಳಿಗೆ ಮೂರು ವರ್ಷ ಮುಗಿಯುತ್ತದೆ. ಅವಳಿಗೆ ಪ್ರಾಕ್ಟೀಸ್ ಆಗಲೆಂದು ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಕುಳಿತಿದ್ದ. ಪಾಪೆ ಅಗಲವಾಗಿ, ಹತ್ತಿರದ್ದು ಒಂದಕ್ಷರವೂ ಕಾಣುತ್ತಿರಲಿಲ್ಲ.

"ಓಲೆ ಮಸುಕಾಗಿ ಕಾಣ್ತಿದೆ. ಹೊಸದಾ?"

"ಅಲ್ಲಾಡ್ಬೇಡಿ. ಹುಬ್ಬಳ್ಳಿ ಆಸ್ಪತ್ರೆಯವ್ರಿಗೆ ಏನಂದ್ರಿ?"

"ಐದ್ ಗಂಟೆ ಒಳಗೆ ಹೇಳ್ಬೇಕು. ಇಲ್ಲೂ ಕೆಲ್ಸ ಕೊಡ್ತಾರಂತೆ. ಆದ್ರೆ ಉಳಿಯೋಕೆ ಒಂದ್ ಕಾರಣ ಬೇಕಲ್ಲ."

ಕಾರಣವಂತೆ ಕಾರಣ! ಎರಡು ವರ್ಷ ನಾಲ್ಕನೇ ಬ್ಲಾಕಿನ ದರ್ಶಿನಿಯಲ್ಲಿ ಬೈಟೂ ಕಾಫಿ ಕುಡಿದದ್ದು ಈ ಮಹಾನುಭಾವನ ಲೆಕ್ಕಕ್ಕೇ ಇಲ್ಲ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಹೇಗೂ ಓದಲಾರ ಎಂಬ ಧೈರ್ಯದಲ್ಲಿ ಕೇಸ್ ಶೀಟಿನ ಕೊನೆಗೆ, ರೋಗಿ ಮತ್ತೆ ಯಾವಾಗ ಬರಬೇಕೆಂದು ಇಂಗ್ಲಿಷಿನಲ್ಲೇ ಬರೆಯುವ 'ರಿವ್ಯೂ' ಜಾಗದಲ್ಲಿ ಕನ್ನಡದಲ್ಲಿ ಬರೆದಳು.

"ಏನ್ ಬರೆದ್ರಿ ಡಾಕ್ಟ್ರೇ?"

"ನಾರ್ಮಲ್ ಅಂತ."

"ಅಷ್ಟಕ್ಕೆ ಮೂರ್ ಸಾಲಾ? ಕೊಡಿ ಇಲ್ಲಿ."

ಶೀಟ್ ಕೊಟ್ಟಳು. ಹತ್ತಿರ ಹಿಡಿದ, ದೂರ ಹಿಡಿದ, ಕಣ್ಣು ಕಿರಿದು ಮಾಡಿದ. ಅವಳಿಗೆ ಒಳಗೊಳಗೇ ನಗು. ಅಷ್ಟರಲ್ಲಿ ಅವನು ಟ್ರೇಯಲ್ಲಿದ್ದ ಪಿನ್‌ಹೋಲ್ ಎತ್ತಿಕೊಂಡ. ನಡುವೆ ಸೂಜಿಮೊನೆಯಷ್ಟು ತೂತಿರುವ ಕಪ್ಪು ಬಿಲ್ಲೆ ಅದು. ಅದರಲ್ಲಿ ಇಣುಕಿದರೆ ಮಸುಕಾದ ಅಕ್ಷರವೂ ತಿಳಿಯಾಗುತ್ತದೆ. ಬೆಳಗಿನಿಂದ ನಲವತ್ತು ರೋಗಿಗಳ ಕಣ್ಣಿಗೆ ಅದನ್ನು ಹಿಡಿದವಳೇ ಅವಳು. ಅಯ್ಯೋ, ಅದನ್ನೇ ಮರೆತಿದ್ದಳು!

"ರಿವ್ಯೂ," ಅವನು ನಿಧಾನವಾಗಿ ಓದಿದ. "ದಿನಾ ಬರಬೇಕು. ಹುಬ್ಬಳ್ಳಿಗೆ ಹೋಗಕೂಡದು. ಹೋದರೆ ನನಗೆ ತುಂಬಾ ಕಷ್ಟವಾಗುತ್ತದೆ."

ಪ್ರಕೃತಿ ಅವನ ಕಿವಿಯನ್ನೇ ನೋಡುತ್ತ ಕುಳಿತಳು.

"ಕಿವಿ ಅಲ್ಲ ಕಣೇ, ಕಣ್ ನೋಡು," ಎಂದ. ಎರಡು ವರ್ಷದ 'ನೀವು' ಅಲ್ಲಿಗೆ ಮುಗಿಯಿತು.

ನೋಡಿದಳು. ಅವನು ಫೋನನ್ನು ಅವಳ ಕೈಗಿಟ್ಟ.

"ಹುಬ್ಬಳ್ಳಿಯವ್ರಿಗೆ ಬರಲ್ಲ ಅಂತ ನೀನೇ ಟೈಪ್ ಮಾಡು. ನಂಗೆ ಕಾಣ್ತಿಲ್ಲ."

"ಪಿನ್‌ಹೋಲ್ ಇದ್ಯಲ್ಲ?"

"ಅದನ್ನ ಹಿಡ್ಕೊಂಡ್ರೆ ನಿನ್ ಕೈ ಹೆಂಗ್ ಹಿಡ್ಕೊಳ್ಳಲಿ?"

ಐದಕ್ಕೆ ಇನ್ನೆರಡು ನಿಮಿಷವಿತ್ತು. ಅವಳು ಒಂದೇ ಕೈಯಲ್ಲಿ ಟೈಪ್ ಮಾಡಿದಳು.