ಮೂತಿಯ ಭಾರ

ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ. ಒಳಗೆ ಎಂಜಿನ್ ಮಾತ್ರ ಇರಲಿಲ್ಲ.

ಪಾರ್ಕಿನಲ್ಲಿ ಮಕ್ಕಳು ಸಾಲುಗಟ್ಟಿ ಕಾಯುತ್ತಿದ್ದರು. ಪುಟಾಣಿ ರೈಲು ಕ್ಲಬ್ಬಿನವರು ವರ್ಷಗಟ್ಟಲೆ ಕೂತು ಕೈಯಾರೆ ಮಾಡಿದ ಉಗಿ ಎಂಜಿನ್ ಅದು. ಇಬ್ಬರು ಸೇರಿ ಎತ್ತಿದರೂ ಏದುಸಿರು ಬರುತ್ತಿತ್ತು. ಟ್ರೇಲರ್‌ನ ಮುಂಭಾಗಕ್ಕೆ ಬಿಗಿದ ಕಬ್ಬಿಣದ ಪೆಟ್ಟಿಗೆಯೇ ಅದರ ಮನೆ. ಹಿಂಭಾಗದಲ್ಲಿ ಹಳಿಗಳು. ಹಳಿ ಬಂದಿತ್ತು, ಎಂಜಿನ್ ಕಾಲು ಬಂದಂತೆ ಎದ್ದು ಹೋಗಿತ್ತು.

ಬೀಗದ ಕೈ ಎರಡು. ಒಂದು ಕ್ಲಬ್ಬಿನ ಕಾರ್ಯದರ್ಶಿಯ ಬಳಿ. ಇನ್ನೊಂದು, ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಬಂದ ಡ್ರೈವರ್ ಬಳಿ. ಆ ಡ್ರೈವರ್, ರಜೆ ಹಾಕಿ ರೈಲು ನೋಡಲು ಬಂದಿದ್ದ ಎಸ್ಸೈಗೆ ಸ್ವಂತ ಮಾವ, ಗಂಡನ ತಂದೆ.

"ನಾನು ಕ್ಲಬ್ ಶೆಡ್ಡಿಂದ ಟೀಚರ್ ಕಾರಲ್ಲೇ ಬಂದೆ," ಎಂದರು ಕಾರ್ಯದರ್ಶಿ, ಬೆವರು ಒರೆಸಿಕೊಳ್ಳುತ್ತ. "ಇವರೊಬ್ಬರೇ ತಡ. ದಾರೀಲಿ ಏನಾಯ್ತೋ."

ಮಾವನ ಮುಖ ಕಪ್ಪಿಟ್ಟಿತು. "ನಿಧಾನಕ್ಕೆ ಬಂದೆ," ಎಂದಷ್ಟೇ ಅಂದರು.

ಕ್ಲಬ್ಬಿನ ಅಧ್ಯಕ್ಷೆ ನಿವೃತ್ತ ಟೀಚರ್. ಅವರು ನೆಲ ನೋಡುತ್ತ ಹೇಳಿದರು: "ನಾಳೆ ದೂರು ಕೊಡ್ಲೇಬೇಕಮ್ಮ. ಅಲ್ಲೀವರೆಗೆ ಬೀಗದ ಕೈ ನನ್ನ ಹತ್ರ ಇರ್ಲಿ."

ಮಾವ ಗೊಂಚಲಿನಿಂದ ಕೀಲಿ ಬಿಡಿಸಿ ಕೊಟ್ಟರು. ಜೀವಮಾನವಿಡೀ ಬಸ್ಸು ಓಡಿಸಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದವರು.

* * *

ನಿಂತಲ್ಲಿ ನಿಲ್ಲಲಾಗಲಿಲ್ಲ ಸೊಸೆಗೆ. ಮಾವ ಬಂದ ದಾರಿಗೇ ಸ್ಕೂಟರ್ ತಿರುಗಿಸಿದಳು. ದಾರಿಯಲ್ಲಿದ್ದದ್ದು ಒಂದೇ ಟೀ ಅಂಗಡಿ. ಅದರ ಪಕ್ಕದಲ್ಲೇ ಗುಜರಿ ಅಂಗಡಿ. ಅದನ್ನು ಕಂಡು ಸ್ಕೂಟರ್ ನಿಲ್ಲಿಸಿದಳು.

"ನಿಲ್ಸಿದ್ರು," ಎಂದ ಟೀ ಅಂಗಡಿಯವನು. "ಟೀ ಕುಡೀಲಿಲ್ಲ. ಟ್ರೇಲರ್ ಸುತ್ತ ಬಗ್ಗಿ ಬಗ್ಗಿ ನೋಡಿದ್ರು."

"ಪೆಟ್ಟಿಗೆ ತೆಗೆದ್ರಾ?"

"ಹಾಲು ಉಕ್ತಿತ್ತು ಮೇಡಂ. ನೋಡ್ಲಿಲ್ಲ."

ಗುಜರಿಯವನು ಬೇಕಾದರೆ ಹುಡುಕಿಕೊಳ್ಳಿ ಎಂದ. ಹುಡುಕಿದಳು. ಕೈ ಮಸಿಯಾದದ್ದೇ ಬಂತು.

* * *

ಮನೆಯಲ್ಲಿ ಮಾವನ ತಟ್ಟೆಯ ಊಟ ಬಡಿಸಿದಂತೆಯೇ ಇತ್ತು.

"ಟೀ ಅಂಗಡಿ ಹತ್ರ ಯಾಕೆ ನಿಲ್ಸಿದ್ರಿ ಮಾವ?"

"ನೀನೂ ಕೇಳ್ತೀಯಾ?"

"ಕೇಳದೆ ಬಿಡಿಸೋದು ಹೇಗೆ?"

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. "ಟೈರು ನೋಡ್ದೆ. ಗಾಳಿ ಇಳಿದಿದ್ಯೇನೋ ಅಂತ. ಶೆಡ್ಡಿನ ಗೇಟು ದಾಟಿದಾಗ್ಲಿಂದ ಟ್ರೇಲರ್ ಬಾಲ ಆಡಿಸ್ತಿತ್ತಮ್ಮ. ಸ್ಪೀಡು ಏರಿಸಿದ್ರೆ ಕಾರನ್ನೇ ಎಳೆದಾಡೋದು. ಅದಕ್ಕೇ ತಡ."

"ಹಾಗೆ ಯಾಕಾಗುತ್ತೆ?"

"ಮೂತೀಲಿ, ಅಂದ್ರೆ ಕಾರಿಗೆ ಸಿಕ್ಕಿಸೋ ಮುಂತುದೀಲಿ, ಭಾರ ಕಮ್ಮಿ ಆಗಿ, ಹಿಂದೆ ಜಾಸ್ತಿ ಆದ್ರೆ. ಆದ್ರೆ ಭಾರ ಸರಿ ಇತ್ತಲ್ಲ. ನಾನು ಸೀಟಲ್ಲಿರ್ತೀನಿ. ಕಾರ್ಯದರ್ಶಿ ಮೂತಿ ಎತ್ತಿ ಕಾರಿಗೆ ಕೂರಿಸಿ, 'ಭಾರ ಸರಿ' ಅಂತ ಕೂಗ್ತಾರೆ. ಆಮೇಲೇ ಗಾಡಿ ಬಿಡೋದು. ಇವತ್ತೂ ಕೂಗಿದ್ರು."

ಸೊಸೆ ಆಗಲೇ ಟೀಚರ್‌ಗೆ ಫೋನು ಹಚ್ಚಿದ್ದಳು.

* * *

ಬೆಳಿಗ್ಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಟ್ರೇಲರ್ ನಿನ್ನೆ ಇದ್ದ ಹಾಗೆಯೇ ಇತ್ತು: ಹಿಂದೆ ಹಳಿ, ಮುಂದೆ ಖಾಲಿ ಪೆಟ್ಟಿಗೆ.

"ಟೀಚರ್, ಮೂತಿ ಎತ್ತಿ," ಎಂದಳು ಸೊಸೆ.

"ನನ್ನ ಕೈಲಾಗುತ್ತೇನಮ್ಮ? ಎತ್ತಿದಾಗೆಲ್ಲ ಕಾರ್ಯದರ್ಶಿನೇ ಸೊಂಟ ಹಿಡ್ಕೋತಾರೆ."

ಕೈ ಹಾಕಿದರು. ಒಂದೇ ಕೈಗೆ ಸಲೀಸಾಗಿ ಮೇಲೆ ಬಂತು. ಟೀಚರ್ ತಿರುಗಿ ಕಾರ್ಯದರ್ಶಿಯನ್ನು ನೋಡಿದರು.

"ಎಂಜಿನ್ ದಾರೀಲಿ ಹೋಗಿದ್ರೆ ಅಲ್ಲೀವರೆಗೆ ಟ್ರೇಲರ್ ನೆಟ್ಟಗೆ ಬರ್ಬೇಕಿತ್ತು," ಎಂದಳು ಎಸ್ಸೈ. "ಗೇಟು ದಾಟಿದ ಕೂಡ್ಲೇ ಅಲ್ಲಾಡ್ತು. ಟೀಚರೇ ನೋಡಿದ್ದಾರೆ, ಹೆದರಿ ಹಾರ್ನ್ ಹೊಡೆದು ಮುಂದೆ ಹೋದ್ರಂತೆ. ಅಂದ್ರೆ ಶೆಡ್ಡು ಬಿಡೋ ಮೊದ್ಲೇ ಪೆಟ್ಟಿಗೆ ಖಾಲಿ. ಎತ್ತದೆ ಮೂತಿ ಕೂರಿಸೋಕಾಗಲ್ಲ. ಎತ್ತಿದ ಕೈಗೆ ಖಾಲಿ ಅಂತ ಗೊತ್ತಾಗ್ದೆ ಇರಲ್ಲ. ಗೊತ್ತಿದ್ದೂ ಸರಿ ಅಂತ ಕೂಗಿದ್ಯಾಕೆ ಸರ್?"

ಕಾರ್ಯದರ್ಶಿ ಹಳಿಯ ಮೇಲೆ ಕುಸಿದು ಕೂತರು. "ಕದ್ದಿಲ್ಲಮ್ಮ. ಮನೇಲಿದೆ, ಮಂಚದ ಕೆಳಗೆ. ಮೊಮ್ಮಗಳಿಗೆ ತೋರಿಸೋಣ ಅಂತ ಅಳಿಯನ ಜೊತೆ ಒಯ್ದೆ. ನೀರು ನೋಡದೆ ಉರಿ ಹಾಕ್ಬಿಟ್ಟೆ. ಬಾಯ್ಲರ್ ಬಿರುಕು ಬಿಡ್ತು."

ಮೊದಲು ನೀರು, ಆಮೇಲೆ ಬೆಂಕಿ ಎಂದು ಕಂಡಕಂಡವರಿಗೆ ಪಾಠ ಹೇಳುತ್ತಿದ್ದ ಮನುಷ್ಯ. ನಾಚಿಕೆಗೆ ಹೆದರಿ ಗೆಳೆಯನನ್ನೇ ಕಳ್ಳನಾಗಲು ಬಿಟ್ಟಿದ್ದರು.

"ಬಾಯ್ಲರ್ ಮತ್ತೆ ಮಾಡಬಹುದು," ಎಂದರು ಮಾವ. "ನೀವು ಸರಿ ಅಂದ್ರಿ, ನಾನು ತಿರುಗಿಯೂ ನೋಡ್ಲಿಲ್ಲ."

ಟೀಚರ್ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಬಹಳ ಹೊತ್ತು ನೋಡಿ ಮಾವ ತೆಗೆದುಕೊಂಡರು.

ಮುರಿದ ಎಂಜಿನ್ ತರಲು ಟ್ರೇಲರ್ ಕಟ್ಟಬೇಕಿತ್ತು. ಮಾವ ಸೀಟಿನಲ್ಲಿ ಕೂತರು. ಹಳಿಗಳನ್ನು ಇಳಿಸಿದ್ದರು. ಸೊಸೆಯೇ ಮೂತಿ ಎತ್ತಿ ಕೂರಿಸಿ, "ಭಾರ ಸರಿ ಮಾವ," ಎಂದು ಕೂಗಿದಳು.

ಅವರು ಒಂದು ಕ್ಷಣ ಸ್ಟೀರಿಂಗ್ ಹಿಡಿದು ಹಾಗೇ ಕೂತರು. ಆಮೇಲೆ ಬಾಗಿಲು ತೆಗೆದು, ಇಳಿದು ಬಂದು, ಮೂತಿ ಬಿಡಿಸಿ ತಾವೇ ಒಮ್ಮೆ ಎತ್ತಿ ನೋಡಿದರು.